ಬಿಗಿ ತಪ್ಪಿದ ಟೈಮಿಂಗ್ ಚೈನ್

ಕಾರಿನ ಎಂಜಿನ್ ಕೆಟ್ಟಿತೆಂದರೆ ಜನರ ಅನುಮಾನ ಪಿಸ್ಟನ್, ಟರ್ಬೊ, ಡೀಸೆಲ್ ಪಂಪ್, ಇಂಜೆಕ್ಟರ್ ಮುಂತಾದ ಹೆಸರಾದ ಭಾಗಗಳ ಮೇಲೆ ಹೋಗುತ್ತದೆಯೇ ಹೊರತು, ಎಂಜಿನ್‌ನ ಒಂದು ಪಕ್ಕದ ಮುಚ್ಚಳದೊಳಗೆ ಯಾರ ಕಣ್ಣಿಗೂ ಬೀಳದಂತೆ ಕೂತಿರುವ, ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣದಾದ ಟೈಮಿಂಗ್ ಚೈನ್ ಟೆನ್ಷನರ್ ಎಂಬ ಭಾಗದ ಮೇಲೆ ಹೋಗುವುದು ಅಪರೂಪ. ಎಂಜಿನ್‌ನೊಳಗಿನ ಒಂದು ಸರಪಳಿಯನ್ನು ಸದಾ ಬಿಗಿಯಾಗಿ ಇಡುವುದಷ್ಟೇ ಅದರ ಕೆಲಸ. ಆದರೆ ಆ ಬಿಗಿ ತಪ್ಪಿದಾಗ ಆಗುವ ಹಾನಿ ಎಷ್ಟೋ ವೇಳೆ ಎಂಜಿನ್ನನ್ನೇ ಬಲಿ ತೆಗೆದುಕೊಳ್ಳುತ್ತದೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಲ್ಲಿ, ಕೆಎ 24 ಫಲಕ ಹೊತ್ತು ಓಡಾಡುವ ಗಾಡಿಗಳ ನಡುವೆ ಹತ್ತು ವರ್ಷ ದಾಟಿದ ಡೀಸೆಲ್ ಕಾರುಗಳು ಸಾಕಷ್ಟು ಇರುವುದರಿಂದಲೂ, ಅವುಗಳಲ್ಲಿ ಹಲವು ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿರುವುದರಿಂದಲೂ, ಈ ಭಾಗ ಹೇಗೆ ಕೆಲಸ ಮಾಡುತ್ತದೆ, ಹೇಗೆ ಕೆಡುತ್ತದೆ, ಕೆಡುವ ಮುನ್ನ ಏನು ಸೂಚನೆ ಕೊಡುತ್ತದೆ ಎಂಬುದನ್ನು ಮೆಕ್ಯಾನಿಕ್ ಮಾತ್ರವಲ್ಲದೆ ಗಾಡಿಯ ಧಣಿಯೂ ತಿಳಿದಿರುವುದು ಒಳ್ಳೆಯದು.

ಮೊದಲು ‘ಟೈಮಿಂಗ್’ ಎಂದರೇನು ಎಂಬುದನ್ನು ನೋಡಬೇಕು. ಎಂಜಿನ್‌ನ ಕೆಳಭಾಗದಲ್ಲಿ ಪಿಸ್ಟನ್‌ಗಳ ಏರಿಳಿತವನ್ನು ತಿರುಗುವಿಕೆಯಾಗಿ ಮಾರ್ಪಡಿಸುವ ಕ್ರ್ಯಾಂಕ್‌ಶಾಫ್ಟ್ ಇರುತ್ತದೆ; ಮೇಲ್ಭಾಗದಲ್ಲಿ, ಅಂದರೆ ಹೆಡ್‌ನಲ್ಲಿ, ಗಾಳಿಯನ್ನು ಒಳಗೆ ಬಿಡುವ ಮತ್ತು ಹೊಗೆಯನ್ನು ಹೊರಗೆ ಕಳಿಸುವ ವಾಲ್ವ್‌ಗಳನ್ನು ಒತ್ತಿ ತೆರೆಯುವ ಕ್ಯಾಮ್‌ಶಾಫ್ಟ್ ಇರುತ್ತದೆ. ಗಾಳಿ ಎಳೆದುಕೊಳ್ಳುವುದು, ಒತ್ತುವುದು, ಉರಿಯುವುದು, ಹೊಗೆ ಹೊರಹಾಕುವುದು ಎಂಬ ನಾಲ್ಕು ಹಂತಗಳು ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ತಿರುಗಬೇಕಾದರೆ ಕ್ಯಾಮ್ ಒಂದೇ ಸುತ್ತು ತಿರುಗಬೇಕು. ಗಾಡಿ ನಿಂತಲ್ಲೇ ಸುಮಾರು 800 ಆರ್‌ಪಿಎಂನಲ್ಲಿ ಉರಿಯುತ್ತಿರುವಾಗ ಒಂದೊಂದು ವಾಲ್ವ್ ನಿಮಿಷಕ್ಕೆ 400 ಸಲ ತೆರೆದು ಮುಚ್ಚುತ್ತದೆ. ಹೆದ್ದಾರಿಯಲ್ಲಿ 3,000 ಆರ್‌ಪಿಎಂನಲ್ಲಿ ಓಡುವಾಗ ಅದೇ ವಾಲ್ವ್ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಪಿಸ್ಟನ್ ತೀರ ಮೇಲಕ್ಕೆ ಬರುವ ಹೊತ್ತಿಗೆ ವಾಲ್ವ್ ಅದರ ದಾರಿ ಬಿಟ್ಟಿರಲೇಬೇಕು. ಇವೆರಡರ ನಡುವಣ ಈ ಹೊಂದಾಣಿಕೆಯೇ ಟೈಮಿಂಗ್.

ಕ್ರ್ಯಾಂಕ್‌ನ ತಿರುಗುವಿಕೆಯನ್ನು ಕ್ಯಾಮ್‌ಗೆ ತಲುಪಿಸಲು ಮೂರು ಬಗೆಗಳಿವೆ: ಗೇರು, ಸರಪಳಿ ಮತ್ತು ಹಲ್ಲಿರುವ ರಬ್ಬರ್ ಬೆಲ್ಟ್. ಈ ಸೀಮೆಯ ರೈತರಿಗೆ ಚಿರಪರಿಚಿತವಾದ ಟ್ರ್ಯಾಕ್ಟರ್ ಮತ್ತು ಡೀಸೆಲ್ ಪಂಪ್‌ಸೆಟ್ಟುಗಳ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಗೇರು. ಹಲ್ಲಿಗೆ ಹಲ್ಲು ಕಚ್ಚಿಕೊಂಡು ತಿರುಗುವ ಅದರಲ್ಲಿ ಸಡಿಲಾಗುವಂಥದ್ದೇನೂ ಇಲ್ಲವಾದ್ದರಿಂದ ಟೆನ್ಷನರ್ ಎಂಬುದೂ ಇಲ್ಲ. (ನೇಗಿಲಿನಿಂದ ಹಿಡಿದು ಎಂಜಿನ್‌ವರೆಗೆ ಯಂತ್ರೋದ್ಯಮ ಕಟ್ಟಿದ ಕಿರ್ಲೋಸ್ಕರ್ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಹುಟ್ಟಿದ್ದು ಇದೇ ಸೀಮೆಯ ಗುರ್ಲಹೊಸೂರಿನಲ್ಲಿ, 1888ರಲ್ಲಿ ಬೆಳಗಾವಿಯಲ್ಲಿ ಅವರು ಮೊದಲು ತೆರೆದದ್ದು ಸೈಕಲ್ ಅಂಗಡಿ ಎಂಬುದು ಸರಪಳಿಯ ಮಾತು ಬಂದಾಗ ನೆನಪಾಗದೆ ಇರದು.) ಸೈಕಲ್‌ನಲ್ಲೂ ಎಂಜಿನ್‌ನಲ್ಲೂ ಬಳಕೆಗೆ ಬಂದ ಬುಷ್ ಮತ್ತು ರೋಲರ್‌ಗಳುಳ್ಳ ಉಕ್ಕಿನ ಸರಪಳಿಯನ್ನು 1880ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ಹಾನ್ಸ್ ರೆನೋಲ್ಡ್. ನಮ್ಮ ರಸ್ತೆಗಳ ಹಳೆಯ ಅಂಬಾಸಡರ್‌ನಲ್ಲೂ ಇದ್ದದ್ದು ಸರಪಳಿಯೇ. 1962ರಲ್ಲಿ ಜರ್ಮನಿಯ ಗ್ಲಾಸ್ 1004 ಕಾರಿನೊಂದಿಗೆ ರಬ್ಬರ್ ಬೆಲ್ಟ್ ಬಳಕೆಗೆ ಬಂತು; 1983ರಲ್ಲಿ ಬಂದ ಮಾರುತಿ 800ರಲ್ಲಿಯೂ ಬೆಲ್ಟೇ ಇತ್ತು. ಬೆಲ್ಟ್ ಹಗುರ, ಸದ್ದಿಲ್ಲದ್ದು, ಅಗ್ಗದ್ದು. ಆದರೆ ಇಂತಿಷ್ಟು ಕಿಲೋಮೀಟರ್‌ಗೆ ಬದಲಿಸಲೇಬೇಕೆಂಬ ಕಟ್ಟಳೆ ಅದಕ್ಕಿದೆ. ಸರಪಳಿಗೆ ಅಂಥ ಕಟ್ಟಳೆಯನ್ನು ಬಹಳಷ್ಟು ತಯಾರಕರು ಹಾಕುವುದಿಲ್ಲ. ಎಂಜಿನ್ ಇರುವಷ್ಟು ಕಾಲ ಸರಪಳಿಯೂ ಇರುತ್ತದೆಂಬ ಭರವಸೆಯ ಮಾತು ಅಲ್ಲಿಂದಲೇ ಹುಟ್ಟಿದ್ದು. ಆ ಭರವಸೆ ಸುಳ್ಳಲ್ಲವಾದರೂ, ಆಯಿಲ್ ಶುದ್ಧವಾಗಿಯೂ ಸಾಕಷ್ಟಾಗಿಯೂ ಇದ್ದರೆ ಎಂಬ ಷರತ್ತು ಅದರ ಬೆನ್ನಿಗಿದೆ. ಮಾತು ಜನರಿಗೆ ತಲುಪಿತು, ಷರತ್ತು ತಲುಪಲಿಲ್ಲ.

ಈ ನಾಲ್ಕು ತಾಲೂಕುಗಳ ಮಟ್ಟಿಗೆ ಸರಪಳಿಯ ಮಾತು ಬಂದರೆ ಮೊದಲು ಕಣ್ಣ ಮುಂದೆ ಬರುವುದು 1,248 ಸಿಸಿಯ ಒಂದೇ ಡೀಸೆಲ್ ಎಂಜಿನ್. ಇಟಲಿಯ ಫಿಯಟ್ ಮತ್ತು ಜನರಲ್ ಮೋಟಾರ್ಸ್ ಸಂಸ್ಥೆಗಳ ಸಹಯೋಗದಲ್ಲಿ ರೂಪುಗೊಂಡು 2003ರಲ್ಲಿ ಯುರೋಪಿನಲ್ಲಿ ಹೊರಬಂದ 1.3 ಮಲ್ಟಿಜೆಟ್ ಎಂಬ ಈ ಎಂಜಿನ್, ಭಾರತದಲ್ಲಿ ಮಾನೇಸರ ಮತ್ತು ಪುಣೆ ಸಮೀಪದ ರಾಂಜಣಗಾಂವ್‌ಗಳಲ್ಲಿ ತಯಾರಾಗಿ, ಮಾರುತಿಯ ಸ್ವಿಫ್ಟ್, ಡಿಸೈರ್, ರಿಟ್ಜ್, ಎರ್ಟಿಗಾ, ಬ್ರೆಜಾಗಳಲ್ಲಿ ಡಿಡಿಐಎಸ್ ಎಂಬ ಹೆಸರಿನಲ್ಲಿಯೂ, ಟಾಟಾದ ಇಂಡಿಕಾ ವಿಸ್ಟಾ, ಮಾಂಜಾ, ಜೆಸ್ಟ್‌ಗಳಲ್ಲಿ ಕ್ವಾಡ್ರಾಜೆಟ್ ಎಂಬ ಹೆಸರಿನಲ್ಲಿಯೂ, ಫಿಯಟ್‌ನ ಪುಂಟೊ, ಲೀನಿಯಾಗಳಲ್ಲಿ ತನ್ನದೇ ಹೆಸರಿನಲ್ಲಿಯೂ ಬಂದಿತು. ಇಷ್ಟು ಬೇರೆ ಬೇರೆ ಕಂಪನಿಗಳ ಕಾರುಗಳಿಗೆ ಒಂದೇ ಎಂಜಿನ್ ಆದದ್ದರಿಂದ ವಾಹನ ಪತ್ರಿಕೆಗಳು ಇದನ್ನು ಭಾರತದ ‘ರಾಷ್ಟ್ರೀಯ ಎಂಜಿನ್’ ಎಂದು ತಮಾಷೆಯಾಗಿ ಕರೆದವು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ 6 ಮಾಲಿನ್ಯ ನಿಯಮ ಜಾರಿಗೆ ಬಂದಾಗ ಇದರ ಕಾಲ ಮುಗಿಯಿತು. ಹಾಗಾಗಿ ಇಂದು ಓಡುತ್ತಿರುವ ಈ ಎಂಜಿನ್‌ಗಳೆಲ್ಲ ಹಳೆಯವೇ. ಮೈಲೇಜ್ ಮತ್ತು ಬಾಳಿಕೆ ಎರಡರಲ್ಲೂ ಒಳ್ಳೆಯ ಹೆಸರು ಪಡೆದ ಈ ಎಂಜಿನ್‌ನ ಟೈಮಿಂಗ್ ಸರಪಳಿ, ಆಯಿಲ್‌ನ ವಿಷಯದಲ್ಲಿ ತಾತ್ಸಾರವನ್ನು ಸಹಿಸುವುದಿಲ್ಲ ಎಂಬುದು ಗ್ಯಾರೇಜುಗಳಲ್ಲಿ ಎಲ್ಲರಿಗೂ ತಿಳಿದ ಮಾತು. ಹಿಂದಿನ ತಲೆಮಾರಿನ ಟೆಂಪೊ ಟ್ರ್ಯಾಕ್ಸ್ ಗಾಡಿಗಳಿಗೆ ಮೂಲವಾದ ಮರ್ಸಿಡಿಸ್‌ನ ಓಎಂ 616 ಡೀಸೆಲ್ ಎಂಜಿನ್‌ನಲ್ಲೂ ಸರಪಳಿಯೇ ಇತ್ತು, ಆದರೆ ಅದು ಎರಡು ಸಾಲಿನ ದಪ್ಪ ಸರಪಳಿ. ತೂಕ, ಘರ್ಷಣೆ, ಇಂಧನ ಎಲ್ಲವನ್ನೂ ಉಳಿಸಹೊರಟ ಹೊಸ ಕಾಲದ ಎಂಜಿನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಒಂಟಿ ಸಾಲಿನ ತೆಳುವಾದ ಸರಪಳಿ. ಇಂಥ ಸರಪಳಿ ತನ್ನ ಬಿಗಿಗಾಗಿ ಟೆನ್ಷನರನ್ನು ಹೆಚ್ಚು ಅವಲಂಬಿಸುತ್ತದೆ.

ಸರಪಳಿ ಸಡಿಲವಾಗುವುದೇಕೆ? ‘ಚೈನ್ ಎಳೆದುಕೊಂಡಿದೆ’, ‘ಲೂಸ್ ಆಗಿದೆ’ ಎಂಬುದು ಗ್ಯಾರೇಜಿನ ಮಾತಾದರೂ, ಉಕ್ಕಿನ ಪಟ್ಟಿಗಳು ರಬ್ಬರಿನಂತೆ ಹಿಗ್ಗುವುದಿಲ್ಲ. ಸವೆಯುವುದು ಕೊಂಡಿ ಕೊಂಡಿಗಳ ನಡುವಿನ ಪಿನ್ನು ಮತ್ತು ಬುಷ್. ಒಂದು ಸರಪಳಿಯಲ್ಲಿ 120 ಕೊಂಡಿಗಳಿವೆ ಎಂದಿಟ್ಟುಕೊಂಡರೆ, ಪ್ರತಿಯೊಂದು ಕೀಲಿನಲ್ಲಿ ಮಿಲಿಮೀಟರ್‌ನ ನೂರನೇ ಒಂದು ಪಾಲಿನಷ್ಟು, ಅಂದರೆ ಕೂದಲಿನ ದಪ್ಪಕ್ಕಿಂತಲೂ ಎಷ್ಟೋ ಕಡಿಮೆ ಸವೆತ ಉಂಟಾದರೂ ಇಡೀ ಸರಪಳಿಯ ಉದ್ದ 1.2 ಮಿಲಿಮೀಟರ್‌ನಷ್ಟು ಹೆಚ್ಚುತ್ತದೆ. ಈ ಹೆಚ್ಚಿದ ಉದ್ದವನ್ನು ನುಂಗಿಕೊಂಡು, ರಾಮದುರ್ಗದ ಮಗ್ಗದಲ್ಲಿ ಹಾಸಿನ ನೂಲು ಸಡಿಲಾಗದಂತೆ ನೇಕಾರ ನೋಡಿಕೊಳ್ಳುವ ಹಾಗೆ, ಸರಪಳಿಯ ಸಡಿಲು ಬದಿಯನ್ನು ಸದಾ ಒತ್ತಿ ಹಿಡಿದಿರುವುದೇ ಟೆನ್ಷನರ್. ನೋಡಲು ಅದು ಒಂದು ಸಣ್ಣ ಸಿಲಿಂಡರ್ ಮತ್ತು ಅದರೊಳಗೆ ಜಾರುವ ಒಂದು ಪಿಸ್ಟನ್ ಅಷ್ಟೆ. ಒಳಗೊಂದು ಸ್ಪ್ರಿಂಗ್ ಇರುತ್ತದೆ, ಆದರೆ ನಿಜವಾದ ಬಲ ಬರುವುದು ಎಂಜಿನ್‌ನ ಆಯಿಲ್ ಪಂಪ್‌ನಿಂದ. ಸಣ್ಣ ರಂಧ್ರದ ಮೂಲಕ ಒತ್ತಡದಲ್ಲಿ ಬಂದ ಆಯಿಲ್ ಪಿಸ್ಟನ್ನನ್ನು ಹೊರಗೆ ತಳ್ಳುತ್ತದೆ ಮತ್ತು ಒಳಬಂದ ಆಯಿಲ್ ಹಿಂದಕ್ಕೆ ಹೋಗದಂತೆ ಒಂದು ಚೆಕ್ ವಾಲ್ವ್, ಅಂದರೆ ಒಮ್ಮುಖ ಕವಾಟ, ತಡೆಯುತ್ತದೆ. ಬೆಳಗಾವಿಯ ಕೈಗಾರಿಕಾ ಪ್ರದೇಶಗಳಲ್ಲಿ ತಯಾರಾಗುವ ಹೈಡ್ರಾಲಿಕ್ ಉಪಕರಣಗಳು ನಡೆಯುವುದೂ ಇದೇ ತತ್ತ್ವದ ಮೇಲೆ. ಹಲವು ಟೆನ್ಷನರ್‌ಗಳಲ್ಲಿ ಪಿಸ್ಟನ್‌ಗೆ ಗರಗಸದಂತಹ ಹಲ್ಲುಗಳಿದ್ದು, ಒಂದು ಕೊಕ್ಕೆ ಅದನ್ನು ಹಿಂದೆ ಸರಿಯದಂತೆ ಹಿಡಿದಿರುತ್ತದೆ. ಪಿಸ್ಟನ್ ನೇರವಾಗಿ ಸರಪಳಿಯನ್ನು ಮುಟ್ಟುವುದಿಲ್ಲ. ನೈಲಾನ್ ಜಾತಿಯ ಗಟ್ಟಿ ಪ್ಲಾಸ್ಟಿಕ್ ಹೊದಿಕೆಯ ಬಾಗಿದ ಪಟ್ಟಿಯೊಂದನ್ನು ಒತ್ತುತ್ತದೆ, ಆ ಪಟ್ಟಿಯ ಮೇಲೆ ಸರಪಳಿ ಉಜ್ಜಿಕೊಂಡು ಓಡುತ್ತದೆ. ಈ ಪಟ್ಟಿಗೆ ಗೈಡ್ ಎಂದು ಹೆಸರು.

ಈ ರಚನೆಯನ್ನು ಗಮನಿಸಿದರೆ ಒಂದು ಸಂಗತಿ ತಾನಾಗಿಯೇ ಸ್ಪಷ್ಟವಾಗುತ್ತದೆ: ಟೆನ್ಷನರ್‌ನ ಆರೋಗ್ಯವೆಂದರೆ ಆಯಿಲ್‌ನ ಆರೋಗ್ಯ. ಡೀಸೆಲ್ ಉರಿಯುವಾಗ ಹುಟ್ಟುವ ಮಸಿ ಆಯಿಲ್‌ಗೆ ಬೆರೆತು ಪಿನ್ನು-ಬುಷ್‌ಗಳ ನಡುವೆ ಸಾಣೆಪುಡಿಯಂತೆ ತೇಯುತ್ತದೆ. ಹಳೆಯದಾದ ಆಯಿಲ್ ಜಿಡ್ಡುಗಟ್ಟಿ ಟೆನ್ಷನರ್‌ನ ಸಣ್ಣ ರಂಧ್ರವನ್ನು ಕಟ್ಟುತ್ತದೆ. ಚೆಕ್ ವಾಲ್ವ್‌ನ ಗುಂಡಿನ ಕೆಳಗೆ ಒಂದು ಕಣ ಸಿಕ್ಕಿಕೊಂಡರೂ ರಾತ್ರಿ ನಿಂತ ಗಾಡಿಯಲ್ಲಿ ಆಯಿಲ್ ಸೋರಿ ಟೆನ್ಷನರ್ ಬರಿದಾಗುತ್ತದೆ. 1.3 ಡೀಸೆಲ್ ಎಂಜಿನ್ ಹಿಡಿಸಿಕೊಳ್ಳುವ ಆಯಿಲ್ ಸುಮಾರು ಮೂರು ಲೀಟರ್ ಮಾತ್ರ. ಟರ್ಬೊದ ಬಿಸಿಯನ್ನೂ ಮಸಿಯನ್ನೂ ಸರಪಳಿಯ ಭಾರವನ್ನೂ ಇಷ್ಟೇ ಆಯಿಲ್ ಹೊರಬೇಕಾದ್ದರಿಂದ, ಅರ್ಧ ಲೀಟರ್ ಕಡಿಮೆಯಾದರೂ ಅದು ದೊಡ್ಡ ಕೊರತೆಯೇ.

ಇಲ್ಲಿ ಈ ಸೀಮೆಯ ಬಳಕೆಯ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕಾಗುತ್ತದೆ. ಕಾರಿನ ಆಯಿಲ್ ಬದಲಾವಣೆಗೆ ತಯಾರಕರು ಸಾಮಾನ್ಯವಾಗಿ ಹೇಳುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ಕಿತ್ತೂರಿನಿಂದ ರಾಷ್ಟ್ರೀಯ ಹೆದ್ದಾರಿ 48 ಹಿಡಿದು ಧಾರವಾಡಕ್ಕೋ ಬೆಳಗಾವಿಗೋ ನಿತ್ಯ ಹೋಗಿಬರುವ ಕಾರಿಗೂ, ಕಬ್ಬಿನ ಹಂಗಾಮಿನಲ್ಲಿ ಎಂ.ಕೆ. ಹುಬ್ಬಳ್ಳಿಯ ಕಾರ್ಖಾನೆಯ ಕಡೆಗೆ ಸಾಗುವ ಜೋಡಿ ಟ್ರೇಲರ್‌ಗಳ ಸಾಲಿನ ಹಿಂದೆ ಎರಡನೆಯ ಗೇರಿನಲ್ಲಿ ತೆವಳುವ ಕಾರಿಗೂ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳ ಜಾತ್ರೆಯಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡ ಏರುವಾಗ ತಾಸುಗಟ್ಟಲೆ ಎಂಜಿನ್ ಚಾಲೂ ಇಟ್ಟುಕೊಂಡು ನಿಂತಲ್ಲೇ ನಿಲ್ಲುವ ಬಾಡಿಗೆ ಗಾಡಿಗೂ ಈ ಒಂದೇ ಅಳತೆಗೋಲು ಸಾಲದು. ಗಂಟೆಗೆ ಸರಾಸರಿ 40 ಕಿಲೋಮೀಟರ್ ವೇಗದಲ್ಲಿ ಓಡಿದ ಗಾಡಿ 10,000 ಕಿಲೋಮೀಟರ್ ಮುಗಿಸುವ ಹೊತ್ತಿಗೆ ಅದರ ಎಂಜಿನ್ 250 ತಾಸು ದುಡಿದಿರುತ್ತದೆ. ಸರಾಸರಿ ವೇಗ 15 ಕಿಲೋಮೀಟರ್‌ಗೆ ಇಳಿದರೆ ಅಷ್ಟೇ ದೂರಕ್ಕೆ ಎಂಜಿನ್ ದುಡಿದದ್ದು 660 ತಾಸಿಗಿಂತಲೂ ಹೆಚ್ಚು. ಕಿಲೋಮೀಟರ್ ಮುಳ್ಳಿಗೆ ಇವೆರಡೂ ಒಂದೇ, ಆಯಿಲ್‌ಗೆ ಮಾತ್ರ ಒಂದೇ ಅಲ್ಲ. ಇದಕ್ಕಿಂತ ಮುಖ್ಯವಾದದ್ದೆಂದರೆ, ಚೆನ್ನಾಗಿ ಕಾದ ಎಂಜಿನ್ ನಿಂತಲ್ಲೇ ನಿಧಾನವಾಗಿ ಉರಿಯುವಾಗ ಆಯಿಲ್ ತೆಳುವಾಗಿ, ಪಂಪ್‌ನ ವೇಗವೂ ತಗ್ಗಿ, ಆಯಿಲ್ ಒತ್ತಡ ಅತ್ಯಂತ ಕಡಿಮೆ ಮಟ್ಟಕ್ಕೆ ಇಳಿಯುತ್ತದೆ. ಟೆನ್ಷನರ್ ತನ್ನ ಬಲವನ್ನು ಪಡೆಯುವುದು ಆ ಒತ್ತಡದಿಂದಲೇ.

ಟ್ರ್ಯಾಕ್ಟರ್ ಸಾಕಿದ ರೈತನಿಗೆ ಗಂಟೆ ಎಣಿಸಿ ಆಯಿಲ್ ಬದಲಿಸುವುದು ಹೊಸದಲ್ಲ. ಅದರ ಮೀಟರ್ ಇರುವುದೇ ಗಂಟೆಯ ಲೆಕ್ಕದಲ್ಲಿ. ಆ ರೂಢಿಯನ್ನು ಕಾರಿಗೂ ತಂದರೆ ಬಹಳಷ್ಟು ಟೆನ್ಷನರ್‌ಗಳು ಉಳಿದಾವು. ಆದರೆ ಈ ಕಡೆ ನಡೆಯುತ್ತಿರುವುದು ಅದರ ತಿರುಗುಮುರುಗು: ಗಂಟೆಯ ಲೆಕ್ಕ ಟ್ರ್ಯಾಕ್ಟರ್‌ನಲ್ಲಿಯೇ ಉಳಿಯುತ್ತದೆ, ಟ್ರ್ಯಾಕ್ಟರ್‌ಗೆಂದು ತಂದ ಕ್ಯಾನಿನ ಆಯಿಲ್ ಕಾರಿಗೆ ಬರುತ್ತದೆ. ಟ್ರ್ಯಾಕ್ಟರ್, ಪಂಪ್‌ಸೆಟ್ಟುಗಳಿಗೆ ಬಳಸುವ 20ಡಬ್ಲ್ಯು-40 ದರ್ಜೆಯ ಆಯಿಲ್ ಚಳಿಗೆ ಗಟ್ಟಿಯಾಗಿರುತ್ತದೆ. 5ಡಬ್ಲ್ಯು-30ರಂತಹ ತೆಳುವಾದ ಆಯಿಲ್‌ಗಾಗಿ ರೂಪಿಸಿದ ಕಾರಿನ ಎಂಜಿನ್‌ನಲ್ಲಿ, ಡಿಸೆಂಬರ್-ಜನವರಿಯ ಮುಂಜಾವಿನಲ್ಲಿ, ಅದು ಟೆನ್ಷನರ್‌ನ ಕಿರಿದಾದ ದಾರಿಯಲ್ಲಿ ಹರಿದು ಮೇಲೇರಲು ತಡಮಾಡುತ್ತದೆ, ಆ ತಡವಾದಷ್ಟು ಹೊತ್ತು ಸರಪಳಿ ಹಿಡಿತವಿಲ್ಲದೆ ಬಡಿದಾಡುತ್ತದೆ. ದರ್ಜೆಯ ಸಂಖ್ಯೆಯಲ್ಲಿ ‘ಡಬ್ಲ್ಯು’ ಅಕ್ಷರಕ್ಕೆ ಮುಂಚಿನ ಅಂಕಿ ಚಳಿಯಲ್ಲಿ ಹರಿಯುವ ಗುಣವನ್ನೂ, ನಂತರದ ಅಂಕಿ ಕಾದಾಗ ಉಳಿಯುವ ದಪ್ಪವನ್ನೂ ಹೇಳುತ್ತದೆ. ಮೊದಲ ಅಂಕಿ ಸಣ್ಣದಾದಷ್ಟೂ ಮುಂಜಾನೆಯ ಸ್ಟಾರ್ಟಿಗೆ ಒಳ್ಳೆಯದು. ಆಯಿಲ್ ಫಿಲ್ಟರ್‌ನ ವಿಷಯವೂ ಹೀಗೆಯೇ. ಎಂಜಿನ್ ನಿಂತಾಗ ಆಯಿಲ್ ಪೂರ್ತಿ ಕೆಳಗಿಳಿಯದಂತೆ ತಡೆಯುವ ಒಂದು ರಬ್ಬರ್ ಕವಾಟ ಹಲವು ಎಂಜಿನ್‌ಗಳ ಫಿಲ್ಟರ್ ವ್ಯವಸ್ಥೆಯಲ್ಲಿರುತ್ತದೆ. ಹೆಸರಿಲ್ಲದ ಅಗ್ಗದ ಫಿಲ್ಟರ್‌ನಲ್ಲಿ ಅದು ಸರಿಯಾಗಿ ಕೂರದಿದ್ದರೆ ಪ್ರತಿ ಬೆಳಿಗ್ಗೆ ಟೆನ್ಷನರ್ ಬರಿದಾದ ದಾರಿಯಲ್ಲಿ ಆಯಿಲ್ ಬರುವುದಕ್ಕೆ ಕಾಯಬೇಕಾಗುತ್ತದೆ. ಎರೆ ಭೂಮಿಯ ಬೇಸಿಗೆಯ ಧೂಳು, ಸ್ವಚ್ಛ ಮಾಡದ ಏರ್ ಫಿಲ್ಟರ್ ದಾಟಿ ಒಳಬಂದು ಆಯಿಲ್ ಸೇರುವುದೂ ಉಂಟು.

ಇದು ಒಂದು ಕಂಪನಿಯ ಇಲ್ಲವೆ ಒಂದು ಸೀಮೆಯ ತೊಂದರೆಯೆಂದು ಭಾವಿಸಬೇಕಿಲ್ಲ. ಫೋಕ್ಸ್‌ವ್ಯಾಗನ್ ಸಮೂಹದ ಇಎ 888 ಎಂಬ ಪೆಟ್ರೋಲ್ ಎಂಜಿನ್‌ನ ಆರಂಭದ ಆವೃತ್ತಿಗಳಲ್ಲಿ ಟೆನ್ಷನರ್‌ನ ಕೊಕ್ಕೆ ಹಿಡಿತ ಬಿಡುತ್ತಿದ್ದುದರಿಂದ ಅಮೆರಿಕದಲ್ಲಿ ಕಾರಿನ ಮಾಲೀಕರು ಸಾಮೂಹಿಕ ದಾವೆ ಹೂಡಿದರು, ಕಂಪನಿ ಟೆನ್ಷನರ್‌ನ ವಿನ್ಯಾಸವನ್ನೇ ಬದಲಿಸಿತು. ಬಿಎಂಡಬ್ಲ್ಯುನ ಎನ್ 47 ಡೀಸೆಲ್ ಎಂಜಿನ್‌ನಲ್ಲಿ ಸರಪಳಿಯನ್ನು ಎಂಜಿನ್‌ನ ಹಿಂಭಾಗಕ್ಕೆ, ಗೇರ್‌ಬಾಕ್ಸ್ ಕಡೆಗೆ, ಜೋಡಿಸಿದ್ದರಿಂದ ಸವೆದ ಸರಪಳಿಯನ್ನು ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕಾದ ಪ್ರಸಂಗ ಬಂದು ಆ ಕಾರುಗಳ ಮಾಲೀಕರು ಹೈರಾಣಾದರು. ಅವುಗಳಿಗೆ ಹೋಲಿಸಿದರೆ ಬೈಲಹೊಂಗಲದ ಗ್ಯಾರೇಜಿನಲ್ಲಿ ನಿಂತ ಡಿಸೈರ್‌ನ ಚೈನ್ ಕೆಲಸ ಸುಲಭದ್ದೇ ಎನ್ನಬೇಕು.

ಟೆನ್ಷನರ್ ಸಡಿಲುವಾಗ ಕೊಡುವ ಮೊದಲ ಸೂಚನೆ ಸದ್ದು. ‘ಥಂಡಿಗೆ ಸೌಂಡ್ ಬರ್ತೈತಿ, ಕಾದ ಮ್ಯಾಲ ಹೋಗ್ತೈತಿ’ ಎಂದು ಈ ಕಡೆಯ ಚಾಲಕರು ಹೇಳುವ ಮಾತಿನಲ್ಲಿ ರೋಗದ ಲಕ್ಷಣ ಪೂರ್ತಿಯಾಗಿದೆ. ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್‌ನ ಸರಪಳಿಯಿರುವ ಪಕ್ಕದಿಂದ, ಡಬ್ಬಿಯಲ್ಲಿ ಮೊಳೆ ಹಾಕಿ ಅಲುಗಾಡಿಸಿದಂತಹ ಗರಗರ ಸದ್ದು ಎರಡು ಮೂರು ಸೆಕೆಂಡು ಕೇಳಿಬಂದು, ಆಯಿಲ್ ಒತ್ತಡ ಏರಿದ ಕೂಡಲೇ ನಿಂತುಬಿಡುತ್ತದೆ. ಸದ್ದು ತಾನಾಗಿ ನಿಲ್ಲುವುದೇ ಇದರಲ್ಲಿ ಮೋಸದ ಸಂಗತಿ. ನಿಂತದ್ದರಿಂದ ಗಾಡಿ ಸರಿಯಾಯಿತೆಂದು ಜನ ನಂಬುತ್ತಾರೆ. ದಿನ ಕಳೆದಂತೆ ಸದ್ದಿನ ಅವಧಿ ಹೆಚ್ಚುತ್ತದೆ, ಆಮೇಲೆ ಕಾದ ಎಂಜಿನ್‌ನಲ್ಲೂ ಕೇಳಿಸತೊಡಗುತ್ತದೆ. ಇಂಜೆಕ್ಟರ್‌ನ ಟಕಟಕ, ಟ್ಯಾಪೆಟ್‌ನ ಲಯಬದ್ಧ ಚಿಟಿಕೆ, ಹೊರಗಿನ ಫ್ಯಾನ್ ಬೆಲ್ಟಿನ ಕೀರಲು ಇವುಗಳಿಂದ ಇದನ್ನು ಬೇರ್ಪಡಿಸಲು ಅನುಭವಿ ಮೆಕ್ಯಾನಿಕ್‌ಗಳು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಟೈಮಿಂಗ್ ಮುಚ್ಚಳಕ್ಕೆ ಹಚ್ಚಿ ಹಿಡಿಯನ್ನು ಕಿವಿಗೆ ಒತ್ತಿ ಆಲಿಸುತ್ತಾರೆ. ಮೋಟರ್‌ಸೈಕಲ್‌ನ ಚೈನ್ ಸೌಂಡ್ ಗುರುತಿಸಬಲ್ಲ ಯಾವ ಕಿವಿಗೂ ಇದು ಕಷ್ಟವಲ್ಲ.

ಸದ್ದಿನ ನಂತರದ ಹಂತದಲ್ಲಿ ಟೈಮಿಂಗ್ ಸ್ವಲ್ಪ ಸ್ವಲ್ಪವೇ ತಪ್ಪುತ್ತದೆ. ಪಿಕಪ್ ಕಡಿಮೆಯಾಗುತ್ತದೆ, ಸ್ಟಾರ್ಟ್ ತಡವಾಗುತ್ತದೆ, ಹೊಗೆ ಹೆಚ್ಚುತ್ತದೆ, ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿಹ್ನೆಯ ದೀಪ ಹತ್ತುತ್ತದೆ. ಸ್ಕ್ಯಾನರ್ ಹಚ್ಚಿದಾಗ ಪಿ 0016 ಎಂಬ ಸಂಕೇತ ಕಂಡರೆ ಕ್ರ್ಯಾಂಕ್ ಮತ್ತು ಕ್ಯಾಮ್‌ಗಳ ಸೆನ್ಸರ್‌ಗಳು ಹೇಳುವ ಸ್ಥಾನಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ ಎಂದರ್ಥ. ಈ ಸಂಕೇತ ಕಂಡೊಡನೆ ಸೆನ್ಸರ್ ಬದಲಿಸಿ, ದೀಪ ಆರಿಸಿ ಗಾಡಿ ಕಳಿಸಿಬಿಡುವ ಪದ್ಧತಿ ಅಲ್ಲಲ್ಲಿ ಇದೆ. ಸೆನ್ಸರ್ ಕೆಟ್ಟಿರುವ ಸಾಧ್ಯತೆಯೂ ಇರುವುದರಿಂದ ಅದನ್ನು ಪೂರ್ತಿ ತಪ್ಪೆನ್ನಲಾಗದು, ಆದರೆ ಬೆಳಗಿನ ಗರಗರ ಸದ್ದೂ ಈ ಸಂಕೇತವೂ ಒಟ್ಟಿಗೆ ಬಂದ ಮೇಲೆ ಮುಚ್ಚಳ ಬಿಚ್ಚದೆ ಸೆನ್ಸರ್ ಮೇಲೆ ಹಣ ಹಾಕುವುದು ದಂಡ. ಕೊನೆಯ ಹಂತದಲ್ಲಿ ಸರಪಳಿ ತಾನು ಕೂತ ಸ್ಪ್ರಾಕೆಟ್‌ನ, ಅಂದರೆ ಹಲ್ಲುಗಾಲಿಯ, ಹಲ್ಲು ಹಾರುತ್ತದೆ. ಕ್ರ್ಯಾಂಕ್‌ನ ಸ್ಪ್ರಾಕೆಟ್‌ಗೆ 20 ಹಲ್ಲುಗಳಿದ್ದರೆ ಒಂದು ಹಲ್ಲು ಹಾರಿದಾಗ ತಪ್ಪುವ ಲೆಕ್ಕ 18 ಡಿಗ್ರಿ. ಡೀಸೆಲ್ ಎಂಜಿನ್‌ನಲ್ಲಿ ಗಾಳಿಯನ್ನು ಅತಿಯಾಗಿ ಒತ್ತಬೇಕಾದ್ದರಿಂದ ಮೇಲೇರಿದ ಪಿಸ್ಟನ್‌ಗೂ ವಾಲ್ವ್‌ಗಳಿಗೂ ನಡುವೆ ಉಳಿಯುವ ಜಾಗ ಬಲು ಕಿರಿದು. ಒಂದೆರಡು ಹಲ್ಲು ಹಾರಿದರೆ ಸಾಕು, ತೆರೆದ ವಾಲ್ವ್‌ಗೆ ಪಿಸ್ಟನ್ ಗುದ್ದುತ್ತದೆ. ವಾಲ್ವ್ ಬಾಗುತ್ತದೆ, ಅದನ್ನು ಒತ್ತುವ ರಾಕರ್ ಮುರಿಯುತ್ತದೆ, ಕೆಲವೊಮ್ಮೆ ಪಿಸ್ಟನ್ ತಲೆಯೇ ತೂತಾಗುತ್ತದೆ. ಹೆದ್ದಾರಿಯಲ್ಲಿ ಹೀಗಾದರೆ ಎಂಜಿನ್ ಒಮ್ಮೆಲೇ ನಿಂತು, ಬ್ರೇಕ್‌ಗೂ ಸ್ಟೀರಿಂಗ್‌ಗೂ ಸಿಗುವ ನೆರವು ತಪ್ಪಿ, ಹಿಂದೆ ಬರುವ ಲಾರಿಯ ಮುಂದೆ ಗಾಡಿ ನಿಲ್ಲುವ ಅಪಾಯವೂ ಇದೆ.

ಹಾಗಾದರೆ ಸದ್ದು ಕೇಳಿಸಿದ ಮಾಲೀಕ ಏನು ಮಾಡಬೇಕು? ಮೊದಲು ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡಬೇಕು. ಕಡಿಮೆಯಿದ್ದರೆ, ಹಳೆಯದಾಗಿದ್ದರೆ, ತಯಾರಕರು ಹೇಳಿದ ದರ್ಜೆಯ ಆಯಿಲ್ ಮತ್ತು ಒಳ್ಳೆಯ ಫಿಲ್ಟರ್ ಹಾಕಿಸಬೇಕು. ಸವೆತ ಹೆಚ್ಚಾಗಿರದಿದ್ದರೆ ಅಷ್ಟರಿಂದಲೇ ಸದ್ದು ನಿಲ್ಲುವುದುಂಟು. ಹಾಗೆ ನಿಲ್ಲದಿದ್ದರೆ ದೂರದ ಪ್ರಯಾಣ ಬಿಟ್ಟು, ಗಾಡಿಯನ್ನು ಚೈನ್ ಕೆಲಸ ಬಲ್ಲ ಗ್ಯಾರೇಜಿಗೆ ಒಯ್ಯಬೇಕು. ಹಲ್ಲು ಹಾರಿದೆ ಎಂಬ ಅನುಮಾನ ಬಂದ ಮೇಲೆ ಗಾಡಿಯನ್ನು ಮತ್ತೆ ಮತ್ತೆ ಸ್ಟಾರ್ಟ್ ಮಾಡಿ ನೋಡುವುದು, ನಾಲ್ಕು ಜನ ಸೇರಿ ನೂಕಿ ಗೇರ್ ಬಿಡುವುದು ಇವೆರಡೂ ಉಳಿದಿರಬಹುದಾದ ವಾಲ್ವ್‌ಗಳನ್ನೂ ಕೆಡಿಸುವ ಕೆಲಸಗಳು. ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಎಳೆಸಿಕೊಂಡು ಹೋಗುವುದೇ ಸರಿ.

ಚೈನ್ ಕೆಲಸ ಅವಸರದ್ದಲ್ಲ. ಎಂಜಿನ್‌ನ ಮೌಂಟಿಂಗ್ ಬಿಚ್ಚಿ, ಕ್ರ್ಯಾಂಕ್ ಪುಲ್ಲಿ ತೆಗೆದು, ಈ ಕಡೆಯ ಮೆಕ್ಯಾನಿಕ್‌ಗಳು ಚೇಂಬರ್ ಎನ್ನುವ ಕೆಳಗಿನ ಆಯಿಲ್ ತೊಟ್ಟಿಯನ್ನು ಇಳಿಸಿದ ಮೇಲಷ್ಟೇ ಟೈಮಿಂಗ್ ಮುಚ್ಚಳ ಸಡಿಲವಾಗುತ್ತದೆ. ಚೇಂಬರ್ ಇಳಿಸಿದಾಗ ಅದರ ತಳದಲ್ಲಿ ನೋಡಬೇಕಾದದ್ದೊಂದಿದೆ: ಕಪ್ಪು ಜಿಡ್ಡಿನ ನಡುವೆ ಉಗುರಿನಷ್ಟು ಅಗಲದ ಕಂದು ಪ್ಲಾಸ್ಟಿಕ್ ಚೂರುಗಳು ಸಿಕ್ಕರೆ ಅವು ಒಡೆದ ಗೈಡ್‌ನವು, ಅವುಗಳಲ್ಲಿ ಕೆಲವು ಆಯಿಲ್ ಎಳೆದುಕೊಳ್ಳುವ ಜಾಲರಿಯನ್ನು ಕಟ್ಟಿಕೊಂಡಿರುತ್ತವೆ, ಅದನ್ನು ಬಿಡಿಸದೆ ಹೊಸ ಚೈನ್ ಹಾಕಿದರೆ ಒತ್ತಡವಿಲ್ಲದೆ ಹೊಸ ಟೆನ್ಷನರ್ ಜೊತೆಗೆ ಟರ್ಬೊವೂ ಹೋಗುತ್ತದೆ. ಬಿಚ್ಚಿದ ಟೆನ್ಷನರನ್ನು ಹೆಬ್ಬೆರಳಿನಿಂದ ಒತ್ತಿದಾಗ ಪಿಸ್ಟನ್ ಪ್ರತಿರೋಧವಿಲ್ಲದೆ ಮೆತ್ತಗೆ ಒಳಹೋದರೆ ಅದರ ಕಥೆ ಮುಗಿಯಿತೆಂದೇ ತಿಳಿಯಬೇಕು. ಪಿಸ್ಟನ್ ತುದಿಯವರೆಗೂ ಹೊರಬಂದು ನಿಂತಿದ್ದರೆ ಟೆನ್ಷನರ್ ಸರಿಯಿದ್ದೂ ಸರಪಳಿ ಅದರ ಕೈಮೀರಿ ಸವೆದಿದೆ ಎಂದು ತಿಳಿಯಬೇಕು. ಕೆಲವು ಎಂಜಿನ್‌ಗಳಲ್ಲಿ ಮುಚ್ಚಳದ ಸಣ್ಣ ರಂಧ್ರದೊಳಗಿಂದಲೇ ಪಿಸ್ಟನ್‌ನ ಎಷ್ಟು ಹಲ್ಲು ಹೊರಬಂದಿವೆ ಎಂದು ಎಣಿಸಿ ಸವೆತ ಅಳೆಯುವ ಅನುಕೂಲವಿದೆ.

ಟೆನ್ಷನರ್ ಒಂದನ್ನೇ ಬದಲಿಸಿ ಹಣ ಉಳಿಸುವ ಆಸೆ ಸಹಜ. ಆದರೆ ಈ ಕೆಲಸದಲ್ಲಿ ದೊಡ್ಡ ಖರ್ಚು ಬಿಚ್ಚುವ, ಕೂರಿಸುವ ಮಜೂರಿಯದು. ಸವೆದ ಸರಪಳಿಯ ಮೇಲೆ ಹೊಸ ಟೆನ್ಷನರ್ ಹಾಕಿ, ಆರು ತಿಂಗಳಿಗೆ ಮತ್ತೆ ಅದೇ ಮಜೂರಿ ಕೊಡುವುದರಲ್ಲಿ ಲಾಭವಿಲ್ಲ. ಸರಪಳಿ, ಸ್ಪ್ರಾಕೆಟ್‌ಗಳು, ಗೈಡ್‌ಗಳು, ಟೆನ್ಷನರ್, ಆಯಿಲ್ ಸೀಲ್ ಮತ್ತು ಗ್ಯಾಸ್ಕೆಟ್‌ಗಳ ಪೂರ್ತಿ ಕಿಟ್ಟನ್ನೇ ಹಾಕಿಸುವುದು ಲೇಸು. ಕಿಟ್ ಎಂದು ಹುಬ್ಬಳ್ಳಿ, ಬೆಳಗಾವಿಯ ಅಂಗಡಿಗಳಲ್ಲಿ ಸಿಗುವುದೆಲ್ಲ ಒಂದೇ ಗುಣದ್ದಲ್ಲ. ಕಂಪನಿಯ ಮಾಲು ಅಥವಾ ಹೆಸರುಳ್ಳ ಸರಪಳಿ ತಯಾರಕರ ಮಾಲು, ಬಿಲ್ಲಿನೊಂದಿಗೆ ಕೊಳ್ಳಬೇಕು. ಇನ್ನೊಂದು ಎಚ್ಚರ ಮೆಕ್ಯಾನಿಕ್‌ನದು: ಕ್ರ್ಯಾಂಕ್ ಮತ್ತು ಕ್ಯಾಮ್‌ಗಳನ್ನು ಅಲುಗಾಡದಂತೆ ಹಿಡಿದಿಡುವ ಲಾಕಿಂಗ್ ಪಿನ್ನುಗಳಿಲ್ಲದೆ, ಸುಣ್ಣದ ಗುರುತು ಅಥವಾ ಮಾರ್ಕರ್ ಗೆರೆಯ ನಂಬಿಕೆಯ ಮೇಲೆ ಈ ಕೆಲಸ ಮಾಡಬಾರದು. ಹೊಸ ಟೆನ್ಷನರ್‌ನ ಪಿಸ್ಟನ್ನನ್ನು ಒಳಗೆ ಒತ್ತಿಹಿಡಿದಿರುವ ಸಣ್ಣ ತಂತಿಯ ಪಿನ್ನನ್ನು ಸರಪಳಿ ಕೂರಿಸಿದ ಮೇಲೆಯೇ ಎಳೆಯಬೇಕು. ಆಮೇಲೆ ಎಂಜಿನ್ನನ್ನು ಕೈಯಿಂದ, ಪಾನಾ ಹಚ್ಚಿ, ಪೂರ್ತಿ ಎರಡು ಸುತ್ತು ತಿರುಗಿಸಿ ಪಿನ್ನುಗಳು ಮತ್ತೆ ಸರಿಯಾಗಿ ಕೂರುತ್ತವೆಯೇ ಎಂದು ನೋಡಿದ ನಂತರವೇ ಕೀಲಿ ತಿರುಗಿಸಬೇಕು. ಈ ಎರಡು ಸುತ್ತಿಗೆ ಹಿಡಿಯುವುದು ಕೆಲವೇ ನಿಮಿಷ. ಇದನ್ನು ಬಿಟ್ಟವರು ಹೊಸ ಕಿಟ್ ಹಾಕಿದ ದಿನವೇ ಹೆಡ್ ಇಳಿಸಿದ ಉದಾಹರಣೆಗಳಿಗೆ ಗ್ಯಾರೇಜುಗಳಲ್ಲಿ ಬರವಿಲ್ಲ.

ಸರಪಳಿ ತುಂಡಾಗಿಯೇ ಬಂದ ಗಾಡಿಯ ಲೆಕ್ಕ ಬೇರೆ. ಹೆಡ್ ಇಳಿಸಿ, ಬಾಗಿದ ವಾಲ್ವ್‌ಗಳನ್ನು ಬದಲಿಸಿ, ವಾಲ್ವ್ ಗೈಡ್‌ಗಳನ್ನೂ ರಾಕರ್‌ಗಳನ್ನೂ ನೋಡಿ, ಪಿಸ್ಟನ್ ತಲೆಯ ಮೇಲಿನ ಗುದ್ದಿನ ಗುರುತು ಎಷ್ಟು ಆಳವಿದೆಯೆಂದು ಪರೀಕ್ಷಿಸಿದ ಮೇಲೆಯೇ ಖರ್ಚಿನ ಅಂದಾಜು ಹೇಳಲು ಬರುತ್ತದೆ. ಪಿಸ್ಟನ್, ಕ್ಯಾಮ್ ಎರಡೂ ಕೆಟ್ಟಿದ್ದರೆ ಹಳೆಯ ಕಾರಿಗೆ ಪೂರ್ತಿ ದುರಸ್ತಿಗಿಂತ ಬೇರೆ ಗಾಡಿಯಿಂದ ತೆಗೆದ ಎಂಜಿನ್ ಹಾಕುವುದು ಅಗ್ಗವೆನಿಸಬಹುದು. ಹಾಗೆ ಮಾಡುವವರು ಆ ಎಂಜಿನ್‌ನ ಸಂಖ್ಯೆಯನ್ನು ಸಾರಿಗೆ ಕಚೇರಿಯಲ್ಲಿ ದಾಖಲಿಸಿಕೊಳ್ಳುವುದನ್ನು ಮರೆಯಬಾರದು ಮತ್ತು ಹಾಕುವ ಮುನ್ನವೇ ಅದರ ಚೈನ್ ಮುಚ್ಚಳ ಬಿಚ್ಚಿ ನೋಡಬೇಕು.

ಹಳೆಯ ಕಾರು ಕೊಳ್ಳಹೊರಟವರಿಗೆ ಈ ಇಡೀ ವಿಷಯ ಒಂದು ಸಣ್ಣ ಪರೀಕ್ಷೆಯಲ್ಲಿ ಅಡಗಿದೆ. ಮಾರುವವರ ಮನೆಗೆ ಬೆಳಿಗ್ಗೆಯೇ ಹೋಗಬೇಕು, ಕೀಲಿ ತಿರುಗಿಸುವ ಮುನ್ನ ಬಾನೆಟ್ ಮೇಲೆ ಕೈಯಿಟ್ಟು ನೋಡಬೇಕು. ಅದು ಬೆಚ್ಚಗಿದ್ದರೆ ಗಿರಾಕಿ ಬರುವ ಮೊದಲೇ ಗಾಡಿ ಸ್ಟಾರ್ಟ್ ಆಗಿದೆ ಎಂದು ಅರ್ಥ. ಆಗ ತಣ್ಣಗಾಗುವವರೆಗೆ ಕಾಯಬೇಕು ಅಥವಾ ಮರುದಿನ ಬರಬೇಕು. ಕಿಲೋಮೀಟರ್ ಮುಳ್ಳನ್ನು ಹಿಂದೆ ತಿರುಗಿಸಬಹುದು, ಸೀಟಿಗೆ ಹೊಸ ಬಟ್ಟೆ ಹೊಲಿಸಬಹುದು, ಸವೆದ ಟೆನ್ಷನರ್‌ನ ಮುಂಜಾನೆಯ ಸದ್ದನ್ನು ಮಾತ್ರ ಬಣ್ಣ ಬಳಿದು ಮುಚ್ಚಲಾಗದು. ಆಯಿಲ್ ಬದಲಿಸಿದ ಬಿಲ್ಲುಗಳಿದ್ದರೆ ಅವುಗಳ ದಿನಾಂಕ ನೋಡಬೇಕು; ಬಿಲ್ಲೇ ಇಲ್ಲದ ಡೀಸೆಲ್ ಕಾರಿನ ಬೆಲೆಯಲ್ಲಿ ಒಂದು ಚೈನ್ ಕಿಟ್ಟು ಮತ್ತು ಮಜೂರಿಯ ಹಣವನ್ನು ಮೊದಲೇ ಕಳೆದು ಮಾತಾಡುವುದು ನ್ಯಾಯವೇ.

ಗುಡ್ಡದ ಇಳಿಜಾರಿನಲ್ಲಿ ಗಾಡಿ ನಿಲ್ಲಿಸುವವರಿಗೂ ಒಂದು ಮಾತಿದೆ. ಹ್ಯಾಂಡ್‌ಬ್ರೇಕ್ ಎಳೆಯದೆ ಬರೀ ಗೇರಿನಲ್ಲಿ ನಿಲ್ಲಿಸಿದ ಗಾಡಿಯ ಭಾರ, ನಿಂತ ಎಂಜಿನ್ನನ್ನು ತಿರುಗಿಸಲು ಹವಣಿಸುತ್ತದೆ. ಅದು ಹಿಮ್ಮುಖವಾಗಿ ತಿರುಗಿದರೆ ಸರಪಳಿಯ ಬಿಗಿ ಬದಿ ಸಡಿಲವಾಗಿ, ಭಾರವೆಲ್ಲ ಟೆನ್ಷನರ್ ಇರುವ ಬದಿಗೆ ಬರುತ್ತದೆ. ಆಯಿಲ್ ಒತ್ತಡವಿಲ್ಲದ ಆ ಹೊತ್ತಿನಲ್ಲಿ ದುರ್ಬಲ ಟೆನ್ಷನರ್ ಅದನ್ನು ತಡೆಯಲಾರದೆ ಹಲ್ಲು ಹಾರಬಹುದು. ಮೊದಲು ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ಆಮೇಲೆ ಗೇರ್ ಹಾಕಿದರೆ ಈ ಭಯವಿಲ್ಲ.

ಡೀಸೆಲ್ ಕಾರುಗಳ ಜಾಗಕ್ಕೆ ಈಗ ಬರುತ್ತಿರುವ ಪೆಟ್ರೋಲ್ ಮತ್ತು ಸಿಎನ್‌ಜಿ ಕಾರುಗಳಲ್ಲಿಯೂ, ಮಾರುತಿಯ ಕೆ ಸರಣಿಯ ಎಂಜಿನ್‌ಗಳೂ ಸೇರಿದಂತೆ, ಬಹಳಷ್ಟರಲ್ಲಿ ಇರುವುದು ಸರಪಳಿ ಮತ್ತು ಆಯಿಲ್‌ನಿಂದ ನಡೆಯುವ ಟೆನ್ಷನರ್. ಪೆಟ್ರೋಲಿನಲ್ಲಿ ಮಸಿ ಕಡಿಮೆಯಾದ್ದರಿಂದ ಸವೆತ ನಿಧಾನವಾದೀತೇ ಹೊರತು ನಿಲ್ಲುವುದಿಲ್ಲ. ಬಾಡಿಗೆಗೆ ಓಡುವ, ಜಾತ್ರೆಯ ಸಾಲಿನಲ್ಲೂ ಕಬ್ಬಿನ ಗಾಡಿಗಳ ಹಿಂದೆಯೂ ಹೊತ್ತು ಕಳೆಯುವ ಡೀಸೆಲ್ ಕಾರಿನ ಮಾಲೀಕರು 10,000 ಕಿಲೋಮೀಟರ್ ಆಗಲೆಂದು ಕಾಯದೆ ಐದಾರು ಸಾವಿರಕ್ಕೇ ಆಯಿಲನ್ನೂ ಫಿಲ್ಟರನ್ನೂ ಬದಲಿಸಬೇಕು, ಟ್ರ್ಯಾಕ್ಟರ್‌ನ ಕ್ಯಾನನ್ನು ಟ್ರ್ಯಾಕ್ಟರ್‌ಗೇ ಬಿಡಬೇಕು, ಮತ್ತು ನಾಳೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವಾಗ ಟೇಪ್‌ರೆಕಾರ್ಡರ್ ಬಂದ್ ಮಾಡಿ, ಕಿಟಕಿ ಇಳಿಸಿ, ಮೊದಲ ಐದು ಸೆಕೆಂಡಿನ ಸದ್ದನ್ನು ಕಿವಿಗೊಟ್ಟು ಕೇಳಬೇಕು.